ಡೆಸ್ಕ್‌ಟಾಪ್ ಖಾಲಿ, ಫೈಲುಗಳು ಇದ್ದಲ್ಲೇ ಇದ್ದವು: ಆಲ್ದೂರು ಕಡೆಯ ಒಂದು ಪ್ರಕರಣ

ಈ ಪ್ರಕರಣದಲ್ಲಿ ಕಳೆದುಹೋಗಿದೆ ಅಂತ ಮನೆಯವರು ತಿಳಿದದ್ದು ಹತ್ತು ವರ್ಷಕ್ಕೂ ಮೇಲ್ಪಟ್ಟ ಮಳೆ ಲೆಕ್ಕ, ಆಳುಗಳ ಬಟವಾಡೆಯ ಲೆಕ್ಕ, ಮೊಮ್ಮಕ್ಕಳ ಫೋಟೊಗಳು. ನಿಜವಾಗಿ ಕಳೆದುಹೋಗಿದ್ದು ಒಂದೇ ಒಂದು ವಾರದ ಬಟವಾಡೆ. ಅದೂ ಕಂಪ್ಯೂಟರಿನ ಪರದೆಯಿಂದ ಐಕಾನ್‌ಗಳು ಮಾಯವಾದ ಮೇಲೆ, ಏನಾಗಿದೆ ಅಂತ ಗೊತ್ತಿಲ್ಲದೆ ಕೆಲಸ ಮುಂದುವರಿಸಿದ್ದರಿಂದ. ಹಳೇ ಕಂಪ್ಯೂಟರ್ ಇಟ್ಟುಕೊಂಡಿರುವ ಮನೆಗಳು ನಮ್ಮ ಚಿಕ್ಕಮಗಳೂರು ಕಡೆ ಜಾಸ್ತಿ. ಹಾಗಾಗಿ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮನೆ ಆಲ್ದೂರಿನಿಂದ ಒಳಗೆ, ತೋಟದ ಮಧ್ಯೆ. ಆ ಮನೆಯ ಅಮ್ಮನಿಗೆ ಎಪ್ಪತ್ತರ ಹತ್ತಿರದ ವಯಸ್ಸು. ತೋಟದ ಲೆಕ್ಕವೆಲ್ಲ ಅವರ ಕೈಯಲ್ಲೇ. ಬೆಳಿಗ್ಗೆ ಎದ್ದು ಮಳೆ ಮಾಪಕದ ನೀರು ಅಳೆದು, ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಟ್ಟ ಮೇಲೇ ಅವರಿಗೆ ಕಾಫಿ. ಮಗ ಕೆಲಸಕ್ಕೆ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಕಂಪ್ಯೂಟರಿನಲ್ಲಿ ಎಕ್ಸೆಲ್ ಕಲಿತು, ಮಳೆಯನ್ನೂ ಬಟವಾಡೆಯನ್ನೂ ಅದರಲ್ಲೇ ತುಂಬಿಸುತ್ತಾರೆ. ಆಳುಗಳ ಹೆಸರನ್ನು ‘ನುಡಿ’ ಸಾಫ್ಟ್‌ವೇರಿನಲ್ಲಿ ಕನ್ನಡದಲ್ಲೇ ಟೈಪ್ ಮಾಡುತ್ತಾರೆ. ಕಂಪ್ಯೂಟರ್ ವಿಂಡೋಸ್ 7ರದ್ದು. 2 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್, ಎಕ್ಸೆಲ್ 2007. ಫೈಲುಗಳೆಲ್ಲ ಡೆಸ್ಕ್‌ಟಾಪ್ ಮೇಲೇ. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಯಾವಾಗ ಬಿತ್ತು ಅಂತ ಅಕ್ಕಪಕ್ಕದ ತೋಟದವರು ಕೇಳುವುದೂ ಇವರನ್ನೇ. ಆ ಫೈಲು ಅವರಿಗೆ ಎಷ್ಟು ಮುಖ್ಯ ಅಂತ ಇದರಿಂದಲೇ ಗೊತ್ತಾಗುತ್ತದೆ.

ಪುಷ್ಯ ಮಳೆ ಹಿಡಿದಿದ್ದ ದಿನಗಳು. ಅಮ್ಮ ಫೋನ್ ಮಾಡಿದರು. ‘ಮಾರಾಯ, ಪರದೆ ಮೇಲಿದ್ದದ್ದೆಲ್ಲ ಹೋಗಿದೆ. ಪೇಟೆಯ ಒಂದು ಅಂಗಡಿಗೆ ಫೋನ್ ಮಾಡಿದ್ರೆ, ವಿಂಡೋಸ್ ಹೋಗಿದೆ, ತಂದುಕೊಡಿ, ಫಾರ್ಮ್ಯಾಟ್ ಮಾಡ್ಬೇಕು ಅಂದ್ರು. ಮಾಡ್ಸೋದಾ?’

‘ಬೇಡಮ್ಮ, ಈಗ ಏನೂ ಮಾಡಿಸ್ಬೇಡಿ’ ಅಂದೆ.

ಕಂಪ್ಯೂಟರ್ ನೋಡದೆ ಫಾರ್ಮ್ಯಾಟ್ ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು. ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಸರಿಹೋಗುತ್ತದೆ ನಿಜ. ಆದರೆ ಡೆಸ್ಕ್‌ಟಾಪ್ ಮೇಲೆ ಕಾಣುವುದೆಲ್ಲ ಸಿ ಡ್ರೈವ್‌ನಲ್ಲೇ ಇರುತ್ತದೆ. ಫಾರ್ಮ್ಯಾಟ್ ಮಾಡುವುದೂ ಅದೇ ಸಿ ಡ್ರೈವನ್ನು. ಕಾಣದೇ ಇದ್ದದ್ದು ಆಗ ನಿಜವಾಗಿಯೂ ಇಲ್ಲವಾಗುತ್ತದೆ.

ಫೋನಿನಲ್ಲೇ ಕೆಲವು ಪ್ರಶ್ನೆ ಕೇಳಿದೆ. ‘ರೀಸೈಕಲ್ ಬಿನ್ ಕಾಣ್ತಿದೆಯಾ ಅಮ್ಮ?’

‘ಆ ಕಸದ ಬುಟ್ಟಿ ಇದೆ. ಕ್ರೋಮ್ ಇದೆ. ಸಿನಿಮಾ ನೋಡೋ ವಿಎಲ್‌ಸಿ ಇದೆ. ನನ್ನದು ಮಾತ್ರ ಒಂದೂ ಇಲ್ಲ.’

‘ಕೆಳಗಡೆ ಪಟ್ಟಿ, ಗಂಟೆ ತೋರಿಸೋದು?’

‘ಅದೆಲ್ಲ ಇದೆ. ಹಿಂದಿನ ಚಿತ್ರ ಬೇರೆ ಆಗಿದೆ. ನಾನು ಹಾಕಿದ್ದ ಫೋಟೊ ಹೋಗಿ ನೀಲಿ ಬಣ್ಣದ್ದು ಬಂದಿದೆ.’

ಇಷ್ಟರಲ್ಲೇ ಅರ್ಧ ದಾರಿ ಸಿಕ್ಕಿತು. ಐಕಾನ್ ಇಲ್ಲ ಅನ್ನುವ ದೂರು ಒಂದೇ ಆದರೂ ಅದರ ಹಿಂದೆ ಬೇರೆ ಬೇರೆ ಕಾರಣ ಇರುತ್ತವೆ. ಯಾವುದು ಹೋಗಿದೆ ಅನ್ನುವುದಕ್ಕಿಂತ ಯಾವುದು ಉಳಿದಿದೆ ಅಂತ ಕೇಳಿದರೆ ಕಾರಣ ಬೇಗ ಗೊತ್ತಾಗುತ್ತದೆ.

ತೀರಾ ಸಾಮಾನ್ಯವಾದದ್ದು, ಯಾರೋ ತಿಳಿಯದೆ ಐಕಾನ್ ಮರೆ ಮಾಡಿರುವುದು. ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ‘ವ್ಯೂ’ ಅಂತ ಬರುತ್ತದೆ. ಅದರೊಳಗೆ ‘ಶೋ ಡೆಸ್ಕ್‌ಟಾಪ್ ಐಕಾನ್ಸ್’ ಇರುತ್ತದೆ. ಅದರ ಮುಂದಿನ ಟಿಕ್ ಹೋಗಿದ್ದರೆ ಡೆಸ್ಕ್‌ಟಾಪ್ ಪೂರ್ತಿ ಬೋಳು. ರೀಸೈಕಲ್ ಬಿನ್ ಕೂಡ ಕಾಣುವುದಿಲ್ಲ. ಆದರೆ ಹಿಂದಿನ ಚಿತ್ರ ಹಾಗೇ ಇರುತ್ತದೆ. ಮಕ್ಕಳು ಆಟ ಆಡಿದ ಮೇಲೆ ಹೀಗಾಗುವುದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಅಮ್ಮನ ಪರದೆಯಲ್ಲಿ ಬಿನ್ ಇತ್ತು, ಚಿತ್ರ ಬದಲಾಗಿತ್ತು. ಹಾಗಾಗಿ ಇದಲ್ಲ.

ಇನ್ನೊಂದು, ಎಕ್ಸ್‌ಪ್ಲೋರರ್ ನಿಂತುಹೋಗುವುದು. ಡೆಸ್ಕ್‌ಟಾಪ್, ಸ್ಟಾರ್ಟ್ ಗುಂಡಿ, ಕೆಳಗಿನ ಪಟ್ಟಿ ಎಲ್ಲವನ್ನೂ ಪರದೆ ಮೇಲೆ ತೋರಿಸುವುದು ಅದೇ. ಅದು ನಿಂತರೆ ಐಕಾನ್ ಜೊತೆ ಪಟ್ಟಿಯೂ ಹೋಗುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಫೈಲ್ ಮೆನುವಿನಿಂದ ಹೊಸ ಟಾಸ್ಕ್ ಆಗಿ ಎಕ್ಸ್‌ಪ್ಲೋರರ್ ಅಂತ ಕೊಟ್ಟರೆ ಎಲ್ಲ ವಾಪಸ್ ಬರುತ್ತದೆ. ಇಲ್ಲಿ ಪಟ್ಟಿ ಇತ್ತು. ಇದೂ ಅಲ್ಲ.

ವಿಂಡೋಸ್ 7ಕ್ಕೆ ತಾನೇ ವಾರಕ್ಕೊಮ್ಮೆ ಗುಡಿಸುವ ಅಭ್ಯಾಸವೂ ಇದೆ. ಕೆಲಸ ಮಾಡದ ಶಾರ್ಟ್‌ಕಟ್‌ಗಳು ನಾಲ್ಕಕ್ಕಿಂತ ಜಾಸ್ತಿ ಕಂಡರೆ ಅವನ್ನು ತೆಗೆದುಹಾಕುತ್ತದೆ. ಪೆನ್‌ಡ್ರೈವ್ ಹಾಕಿಲ್ಲದಾಗ ಅದರೊಳಗಿನ ಫೈಲಿನ ಶಾರ್ಟ್‌ಕಟ್ ಕೂಡ ಅದಕ್ಕೆ ಕೆಟ್ಟದ್ದೇ. ಆದರೆ ಇದು ಮುಟ್ಟುವುದು ಮೂಲೆಯಲ್ಲಿ ಸಣ್ಣ ಬಾಣದ ಗುರುತಿರುವ ಶಾರ್ಟ್‌ಕಟ್‌ಗಳನ್ನು ಮಾತ್ರ. ಅಮ್ಮ ಇಟ್ಟಿದ್ದು ನಿಜವಾದ ಫೈಲು. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಿಂದ ಬರುವ, ಫೈಲುಗಳನ್ನು ಅಡಗಿಸಿಬಿಡುವ ವೈರಸ್ ಕೂಡ ಒಂದು ಸಾಧ್ಯತೆ. ಆದರೆ ಅದು ಹಿಂದಿನ ಚಿತ್ರ ಬದಲಾಯಿಸಿ ಕ್ರೋಮನ್ನು ಮಾತ್ರ ಬಿಟ್ಟುಹೋಗುವುದು ಅಪರೂಪ.

ಕ್ರೋಮ್, ವಿಎಲ್‌ಸಿ ಉಳಿದು ‘ನನ್ನದು ಮಾತ್ರ ಇಲ್ಲ’ ಅಂದರಲ್ಲ, ಆ ಮಾತಿನಲ್ಲೇ ಉತ್ತರ ಇತ್ತು. ನಾವು ನೋಡುವ ಡೆಸ್ಕ್‌ಟಾಪ್ ಎರಡು ಜಾಗದಿಂದ ಸೇರಿ ಆಗುತ್ತದೆ. ಒಂದು ಎಲ್ಲರಿಗೂ ಸೇರಿದ ‘ಪಬ್ಲಿಕ್’ ಫೋಲ್ಡರಿನದು. ಪ್ರೋಗ್ರಾಂಗಳು ಇನ್‌ಸ್ಟಾಲ್ ಆಗುವಾಗ ಹೆಚ್ಚಾಗಿ ತಮ್ಮ ಐಕಾನನ್ನು ಅಲ್ಲಿ ಇಡುತ್ತವೆ. ಇನ್ನೊಂದು ಆಯಾ ಬಳಕೆದಾರರ ಸ್ವಂತದ್ದು. ಎಲ್ಲರದ್ದೂ ಕಂಡು ಸ್ವಂತದ್ದು ಕಾಣದಿದ್ದರೆ, ವಿಂಡೋಸ್ ಆ ಬಳಕೆದಾರರ ಪ್ರೊಫೈಲ್ (ಅವರ ಸ್ವಂತ ಫೈಲು, ಸೆಟ್ಟಿಂಗುಗಳೆಲ್ಲ ಇರುವ ಜಾಗ) ಬಿಟ್ಟು ಬೇರೆ ಯಾವುದೋ ಪ್ರೊಫೈಲ್ ತೆರೆದಿದೆ ಅಂತ ಅರ್ಥ.

‘ಆನ್ ಮಾಡಿದಾಗ ಬಲಗಡೆ ಕೆಳಗೆ ಏನಾದ್ರೂ ಬರಹ ಬಂತಾ ಅಮ್ಮ?’

‘ಬಂತು. ಇಂಗ್ಲಿಷಲ್ಲಿ ಏನೋ ಉದ್ದಕ್ಕೆ. ಎಕ್ಸ್ ಒತ್ತಿದೆ, ಹೋಯ್ತು.’

ಆ ಬರಹ ಏನು ಹೇಳುತ್ತದೆ ಅಂದರೆ, ನಿಮ್ಮನ್ನು ತಾತ್ಕಾಲಿಕ ಪ್ರೊಫೈಲಿನಲ್ಲಿ ಕೂರಿಸಿದ್ದೇವೆ, ನಿಮ್ಮ ಫೈಲುಗಳು ಸಿಗುವುದಿಲ್ಲ, ಇಲ್ಲಿ ಮಾಡಿದ ಫೈಲುಗಳು ಲಾಗ್ ಆಫ್ ಆದ ಕೂಡಲೇ ಅಳಿಸಿಹೋಗುತ್ತವೆ. ಇಷ್ಟು ದೊಡ್ಡ ವಿಷಯ ಮೂಲೆಯಲ್ಲಿ ಸಣ್ಣ ಗುಳ್ಳೆಯಾಗಿ ಬಂದು ಹೋಗುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಕೆಲಸ ಮಾಡುವ ಹಿರಿಯರಿಗೆ ಅದು ತಲುಪುವುದಾದರೂ ಹೇಗೆ? ಅಮ್ಮ ಆಗಲೇ ಆ ಖಾಲಿ ಡೆಸ್ಕ್‌ಟಾಪಿನಲ್ಲಿ ಹೊಸ ಎಕ್ಸೆಲ್ ಫೈಲ್ ಮಾಡಿ, ಆ ವಾರದ ಬಟವಾಡೆಯನ್ನೆಲ್ಲ ತುಂಬಿಸಿ, ಸೇವ್ ಮಾಡಿ, ಕಂಪ್ಯೂಟರ್ ಆಫ್ ಮಾಡಿದ್ದರು. ಮರುದಿನ ಅದೂ ಇರಲಿಲ್ಲ. ‘ಎರಡನೇ ಸಲ ಬರೆದದ್ದನ್ನೂ ನುಂಗ್ತು’ ಅಂದಾಗ ಅವರ ದನಿ ನಡುಗುತ್ತಿತ್ತು. ಇನ್ನು ಏನೂ ಬರೆಯಬೇಡಿ, ನಾನು ಬರುವವರೆಗೆ ಮುಟ್ಟಬೇಡಿ ಅಂತ ಹೇಳಿ ಹೊರಟೆ.

ಹೋದ ಕೂಡಲೇ ಮಾಡಿದ್ದು ರಿಪೇರಿ ಅಲ್ಲ. ‘ಕಂಪ್ಯೂಟರ್’ ತೆರೆದು, ಸಿ ಡ್ರೈವ್ ಒಳಗೆ ‘ಯೂಸರ್ಸ್’ ಫೋಲ್ಡರಿಗೆ ಹೋದೆ. ಅಲ್ಲಿ ಅಮ್ಮನ ಹೆಸರಿನ ಫೋಲ್ಡರ್ ಇತ್ತು. ಪಕ್ಕದಲ್ಲೇ ‘ಟೆಂಪ್’ ಅಂತ ಇನ್ನೊಂದು. ಅಮ್ಮನನ್ನು ಕರೆದು ಪಕ್ಕ ಕೂರಿಸಿಕೊಂಡೆ. ಅವರ ಹೆಸರಿನ ಫೋಲ್ಡರ್ ತೆರೆದು, ಒಳಗಿನ ‘ಡೆಸ್ಕ್‌ಟಾಪ್’ ತೆರೆದೆ. ಮಳೆ, ಬಟವಾಡೆ, ಗೊಬ್ಬರ, ಫೋಟೊ, ಎಲ್ಲ ಸಾಲಾಗಿ ಇದ್ದವು. ಅವರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ತಂದು ಒಂದೊಂದೇ ಹೆಸರು ಓದಿದರು.

ಗುಳ್ಳೆಯಲ್ಲಿ ಫೈಲು ಸಿಗುವುದಿಲ್ಲ ಅಂತ ಬಂದಿದ್ದರೂ ಹೀಗೆ ನೇರವಾಗಿ ಹೋದರೆ ಸಿಗುತ್ತದೆ. ಯಾಕೆಂದರೆ ಲಾಗಿನ್ ಆಗಿರುವುದು ಅದೇ ಬಳಕೆದಾರರೇ, ಅವರ ಫೋಲ್ಡರ್ ನೋಡುವ ಹಕ್ಕು ಅವರಿಗೆ ಇದ್ದೇ ಇರುತ್ತದೆ. ಅಮ್ಮನಿಗೆ ಹೀಗೆ ಹೇಳಿದೆ: ನಿಮ್ಮ ಕೋಣೆಯ ಬೀಗ ತೆಗೆಯಲಿಲ್ಲ, ಅದಕ್ಕೆ ನಿಮ್ಮನ್ನು ನೆಂಟರ ಕೋಣೆಯಲ್ಲಿ ಮಲಗಿಸಿದ್ದಾರೆ. ನಿಮ್ಮ ಸಾಮಾನೆಲ್ಲ ನಿಮ್ಮ ಕೋಣೆಯಲ್ಲೇ ಇದೆ. ನೆಂಟರ ಕೋಣೆಯಲ್ಲಿ ಬಿಟ್ಟದ್ದನ್ನು ಮಾತ್ರ ಬೆಳಿಗ್ಗೆ ಗುಡಿಸಿಬಿಡ್ತಾರೆ.

ಆಮೇಲೆ ಕಾಪಿ. ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಮೊದಲು ಸಣ್ಣ ಸಣ್ಣ ಎಕ್ಸೆಲ್ ಫೈಲುಗಳನ್ನು ತೆಗೆದುಕೊಂಡೆ. ಅವು ಬಂದವು. ಫೋಟೊಗಳಿಗೆ ಬಂದಾಗ ಒಂದು ಕಡೆ ಕಾಪಿ ನಿಂತುಬಿಟ್ಟಿತು. ಹಸಿರು ಪಟ್ಟಿ ಅಲ್ಲಾಡಲಿಲ್ಲ. ಡಬ್ಬದೊಳಗಿಂದ ಟಕ್, ಟಕ್ ಅಂತ ಮೆಲ್ಲನೆ ಸದ್ದು. ಹಾರ್ಡ್ ಡಿಸ್ಕ್ ಓದಲು ಕಷ್ಟಪಡುತ್ತಿದೆ ಅಂತ ಆಗಲೇ ಅನಿಸಿತು. ಇಂಥ ಹೊತ್ತಲ್ಲಿ ಡಿಸ್ಕಿನ ಕೆಟ್ಟ ಜಾಗ ಹುಡುಕಿ ಸರಿಪಡಿಸಲು ‘ಚೆಕ್ ಡಿಸ್ಕ್’ ಓಡಿಸೋಣ ಅನ್ನುವ ಆಸೆ ಬರುತ್ತದೆ. ಫೈಲುಗಳು ಹೊರಗೆ ಬರುವವರೆಗೆ ಅದು ಬೇಡವೇ ಬೇಡ. ಸಾಯುತ್ತಿರುವ ಡಿಸ್ಕಿನ ಮೂಲೆಮೂಲೆಯನ್ನೂ ಅದು ಓದುತ್ತಾ ಹೋಗುತ್ತದೆ, ಜೊತೆಗೆ ಬರೆಯುತ್ತದೆ ಕೂಡ. ಉಳಿದಿರುವ ಜೀವ ಅದರಲ್ಲೇ ಮುಗಿಯಬಹುದು.

ಬದಲಿಗೆ ವಿಂಡೋಸ್ 7ರಲ್ಲೇ ಇರುವ, ಫೈಲು ಕಾಪಿ ಮಾಡುವ ‘ರೋಬೋಕಾಪಿ’ ಆಜ್ಞೆ ಬಳಸಿದೆ. ಇದಕ್ಕೆ ಒಂದು ವಿಷಯ ಹೇಳಿಕೊಡಲೇಬೇಕು. ಸುಮ್ನೆ ಬಿಟ್ಟರೆ, ಓದಲಾಗದ ಒಂದೊಂದು ಫೈಲಿಗೂ ಅದು ಹತ್ತು ಲಕ್ಷ ಸಲ ಮರುಪ್ರಯತ್ನ ಮಾಡುತ್ತದೆ, ಪ್ರತಿ ಸಲವೂ 30 ಸೆಕೆಂಡ್ ಕಾಯುತ್ತದೆ. ಒಂದೇ ಸಲ ಪ್ರಯತ್ನಿಸು, ಒಂದೇ ಸೆಕೆಂಡ್ ಕಾಯಿ, ಆಗದಿದ್ದರೆ ಬಿಟ್ಟು ಮುಂದೆ ಹೋಗು ಅಂತ ಆಜ್ಞೆಯಲ್ಲೇ ಕೊಟ್ಟರೆ ಕೆಲಸ ಸಾಗುತ್ತದೆ. ಯಾವುದು ಬರಲಿಲ್ಲ ಅಂತಲೂ ತೋರಿಸುತ್ತದೆ. ಕೆಲವೇ ಫೋಟೊಗಳು ಬರಲಿಲ್ಲ. ಅವು ಮಗನ ಹತ್ತಿರವೂ ಇದ್ದವು.

ಕಾಪಿ ಆದದ್ದು ಸರಿಯಿದೆಯಾ ನೋಡಲು ನನ್ನ ಲ್ಯಾಪ್‌ಟಾಪಿನಲ್ಲಿ ಬಟವಾಡೆ ಫೈಲ್ ತೆರೆದೆ. ಅಂಕಿಗಳೆಲ್ಲ ಸರಿ. ಆಳುಗಳ ಹೆಸರಿನ ಸಾಲಿನಲ್ಲಿ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ‘ಹಾಳಾಗಿದೆ ಅಲ್ವಾ?’ ಅಂತ ಅಮ್ಮ ಗಾಬರಿಯಾದರು. ಹಾಳಾಗಿರಲಿಲ್ಲ. ಅವರು ಬಳಸುವುದು ನುಡಿಯ ಹಳೇ ಫಾಂಟ್, ‘ನುಡಿ 01 ಇ’. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಇಂಥ ಫಾಂಟುಗಳಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಫಾಂಟು ಅದನ್ನು ಕನ್ನಡವಾಗಿ ತೋರಿಸುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಫಾಂಟು ಇರಲಿಲ್ಲ. ಹಳೇ ಕಂಪ್ಯೂಟರಿನ ಫಾಂಟ್ ಫೋಲ್ಡರಿನಿಂದ ಅದನ್ನು ತಂದು ಹಾಕಿದ ಮೇಲೆ ಹೆಸರುಗಳೆಲ್ಲ ಕನ್ನಡದಲ್ಲಿ ಬಂದವು. ‘ನುಡಿ’ ಅಥವಾ ‘ಬರಹ’ ಸಾಫ್ಟ್‌ವೇರಿನಲ್ಲಿ ಹಳೇ ರೀತಿ ಟೈಪ್ ಮಾಡಿದ ಫೈಲುಗಳಿದ್ದರೆ ಅವುಗಳ ಜೊತೆ ಫಾಂಟನ್ನೂ ಕಾಪಿ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಸರಿಯಾಗಿರುವ ಫೈಲನ್ನೇ ಕೆಟ್ಟಿದೆ ಅಂತ ಯಾರಾದರೂ ಅಳಿಸಿಬಿಡಬಹುದು.

ಇನ್ನೊಂದು ತೊಡಕು ಎದುರಾಯಿತು. ಬಟವಾಡೆ ಫೈಲಿನ ಒಂದು ಪ್ರತಿ ಡಿ ಡ್ರೈವ್‌ನಲ್ಲೂ ಇತ್ತು. ಯಾವುದು ಹೊಸತು? ಡೆಸ್ಕ್‌ಟಾಪಿನ ಪ್ರತಿಯ ಮೇಲೆ 2009ರ ಜನವರಿ ಅಂತ ತಾರೀಖು. ತಾರೀಖು ನಂಬಿದರೆ ಅದನ್ನೇ ಹಳೆಯದು ಅಂತ ಬದಿಗಿಡಬೇಕಿತ್ತು. ಆದರೆ ಮದರ್‌ಬೋರ್ಡಿನ ಮೇಲೆ ಸಿಆರ್ 2032 ಅನ್ನುವ ಬಿಲ್ಲೆಯಾಕಾರದ 3 ವೋಲ್ಟ್ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದು. ಅದು ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನ ತಾರೀಖು ಹಿಂದಕ್ಕೆ ಹೋಗಿ ನಿಲ್ಲುತ್ತದೆ.  ಎರಡೂ ಪ್ರತಿ ತೆರೆದು ಕೊನೆಯ ಸಾಲು ನೋಡಿದೆವು. 2009 ಅಂತ ತೋರಿಸುತ್ತಿದ್ದದ್ದೇ ಹೊಸತು. ಹಳೇ ಯಂತ್ರದಲ್ಲಿ ಫೈಲಿನ ಮೇಲಿನ ತಾರೀಖಿಗಿಂತ ಒಳಗೆ ಬರೆದಿರುವುದೇ ಸಾಕ್ಷಿ.

ಇಷ್ಟಾದ ಮೇಲೇ ಕಾರಣ ಹುಡುಕಲು ಕೂತೆ. ‘ಈವೆಂಟ್ ವ್ಯೂಯರ್’ ಅಂತ ವಿಂಡೋಸ್ ತನ್ನ ದಿನಚರಿ ಇಟ್ಟುಕೊಂಡಿರುತ್ತದೆ. ಅದರಲ್ಲಿ ಯೂಸರ್ ಪ್ರೊಫೈಲ್ ಸರ್ವಿಸ್ ಹೆಸರಿನಲ್ಲಿ 1515 ಮತ್ತು 1511 ಸಂಖ್ಯೆಯ ದಾಖಲೆ ಸಿಕ್ಕವು. 1511 ಅಂದರೆ ಸ್ಥಳೀಯ ಪ್ರೊಫೈಲ್ ಸಿಗಲಿಲ್ಲ, ತಾತ್ಕಾಲಿಕದಲ್ಲಿ ಲಾಗಿನ್ ಮಾಡಿಸುತ್ತಿದ್ದೇನೆ ಅಂತ. 1515 ಅಂದರೆ ಹಳೇ ಪ್ರೊಫೈಲನ್ನು ಬ್ಯಾಕಪ್ ಆಗಿ ಎತ್ತಿಟ್ಟಿದ್ದೇನೆ ಅಂತ. ಅವಕ್ಕೂ ಸ್ವಲ್ಪ ಮುಂಚೆ ‘ಕರ್ನಲ್ ಪವರ್ 41’. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಗಿದೆ ಅಂತ ಅದರ ಅರ್ಥ. ಅದರ ಆಸುಪಾಸಿನಲ್ಲೇ ‘ಡಿಸ್ಕ್’ ಹೆಸರಿನ 7ನೇ ಸಂಖ್ಯೆಯ ದೋಷದ ದಾಖಲೆಗಳು, ಡಿಸ್ಕಿನಲ್ಲಿ ಕೆಟ್ಟ ಜಾಗ ಇದೆ ಅಂತ.

‘ಆ ದಿನ ಕರೆಂಟ್ ಹೋಗಿತ್ತಾ ಅಮ್ಮ?’

‘ಮರ ಬಿದ್ದು ಲೈನೇ ಹರಿದಿತ್ತು. ಮಳೆ ತುಂಬಿಸ್ತಾ ಇದ್ದೆ, ಪಟ್ ಅಂತ ಹೋಯ್ತು.’

‘ಯುಪಿಎಸ್?’

‘ಅದು ಕುಯ್ಯೋ ಅನ್ನೋದೂ ನಿಲ್ಲಿಸಿದೆ.’

ನಡೆದದ್ದು ಇಷ್ಟು. ಪ್ರತಿ ಬಳಕೆದಾರರ ಸೆಟ್ಟಿಂಗುಗಳೆಲ್ಲ ಅವರ ಫೋಲ್ಡರಿನೊಳಗೆ ‘ಎನ್‌ಟಿಯೂಸರ್’ ಅನ್ನುವ ಒಂದು ಫೈಲಿನಲ್ಲಿ ಇರುತ್ತವೆ. ಲಾಗಿನ್ ಆಗುವಾಗ ವಿಂಡೋಸ್ ಅದನ್ನು ಓದಲೇಬೇಕು. ಕರೆಂಟ್ ಏಕಾಏಕಿ ಹೋಯಿತು. ಡಿಸ್ಕಿಗೆ ಮೊದಲೇ ಆಯಾಸ. ಮತ್ತೆ ಆನ್ ಮಾಡಿದಾಗ ಆ ಫೈಲು ಸಮಯಕ್ಕೆ ಓದಲು ಸಿಗಲಿಲ್ಲ. ವಿಂಡೋಸ್ ಅಮ್ಮನ ಪ್ರೊಫೈಲನ್ನು ಬದಿಗಿಟ್ಟು ತಾತ್ಕಾಲಿಕ ಒಂದನ್ನು ಮಾಡಿಕೊಟ್ಟಿತು.

ಸರಿಪಡಿಸುವ ಕೆಲಸ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ಕಡತದಲ್ಲಿ. ಲೋಕಲ್ ಮಷೀನ್ ವಿಭಾಗದಲ್ಲಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಶನ್ ದಾಟಿ ಒಳಗೆ ಹೋದರೆ ‘ಪ್ರೊಫೈಲ್ ಲಿಸ್ಟ್’ ಸಿಗುತ್ತದೆ. ಅದರಲ್ಲಿ ಎಸ್-1-5-21 ಅಂತ ಶುರುವಾಗುವ ಉದ್ದನೆಯ ಸಂಖ್ಯೆಗಳಿರುತ್ತವೆ, ಒಬ್ಬೊಬ್ಬ ಬಳಕೆದಾರರಿಗೆ ಒಂದೊಂದು. ಇಲ್ಲಿ ಒಂದೇ ಸಂಖ್ಯೆ ಎರಡು ಸಲ ಇತ್ತು. ಒಂದರ ಕೊನೆಗೆ ಚುಕ್ಕಿ, ಬಿ, ಎ, ಕೆ ಅಂತ ಬಾಲ. ಬಾಲ ಇರುವುದು ಅಮ್ಮನ ನಿಜವಾದ ಪ್ರೊಫೈಲಿಗೆ ಸೇರಿದ್ದು, ಬಾಲ ಇಲ್ಲದ್ದು ತಾತ್ಕಾಲಿಕಕ್ಕೆ. ಇಡೀ ಪ್ರೊಫೈಲ್ ಲಿಸ್ಟನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ ಇಟ್ಟೆ. ಆಮೇಲೆ ಬಾಲ ಇಲ್ಲದ್ದಕ್ಕೆ ಬೇರೆ ಬಾಲ ಹಚ್ಚಿದೆ, ಬಾಲ ಇದ್ದದ್ದರ ಬಾಲ ತೆಗೆದೆ. ಅದರೊಳಗಿನ ‘ಸ್ಟೇಟ್’ ಮತ್ತು ‘ರೆಫ್‌ಕೌಂಟ್’ ಎರಡನ್ನೂ 0 ಮಾಡಿ ರೀಸ್ಟಾರ್ಟ್ ಕೊಟ್ಟೆ. ರಿಜಿಸ್ಟ್ರಿಯಲ್ಲಿ ಕೈಯಾಡಿಸಿ ಅಭ್ಯಾಸ ಇಲ್ಲದವರು ಇದನ್ನು ಗೊತ್ತಿರುವವರಿಂದಲೇ ಮಾಡಿಸಿ. ಫೈಲು ಕಾಪಿ ಆಗಿದ್ದರೆ ಅವಸರ ಏನೂ ಇಲ್ಲ.

ಲಾಗಿನ್ ಆಗಲು ಸ್ವಲ್ಪ ಹೊತ್ತು ಹಿಡಿಯಿತು. ಬಂದಾಗ ಎಲ್ಲ ಬಂತು. ಐಕಾನ್‌ಗಳು ಅವರು ಜೋಡಿಸಿದ್ದ ಜಾಗದಲ್ಲೇ ಇದ್ದವು, ಮಳೆ ಎಡಗಡೆ, ಬಟವಾಡೆ ಬಲಗಡೆ. ಅಮ್ಮ ಮೊದಲು ತೆರೆದದ್ದು ಮಳೆ ಫೈಲು. ಕೊನೆಯ ಸಾಲು ಕರೆಂಟ್ ಹೋದ ಹಿಂದಿನ ದಿನದ್ದು.

ತಾತ್ಕಾಲಿಕ ಪ್ರೊಫೈಲಿನಲ್ಲಿ ಬರೆದಿದ್ದ ವಾರದ ಬಟವಾಡೆ ಮಾತ್ರ ಸಿಗಲಿಲ್ಲ. ಅಳಿಸಿದ ಫೈಲು ಹುಡುಕುವ ಸಾಫ್ಟ್‌ವೇರ್‌ಗಳಿವೆ. ಕೆಟ್ಟ ಡಿಸ್ಕನ್ನು ಅದಕ್ಕಾಗಿ ಗಂಟೆಗಟ್ಟಲೆ ದುಡಿಸುವುದು ನನಗೆ ಸರಿ ಕಾಣಲಿಲ್ಲ. ಚೆಕ್‌ರೋಲ್ ಪುಸ್ತಕದಲ್ಲಿ ಆಳುಗಳ ಹಾಜರಿ ಇತ್ತು. ಅಮ್ಮ ಅದನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ತುಂಬಿಸಿದರು. ಕಂಪ್ಯೂಟರ್ ಬಂದ ಮೇಲೂ ಕಾಗದದ ಪುಸ್ತಕ ಬಿಡದ ಅವರ ಅಭ್ಯಾಸದ ಬಗ್ಗೆ ನನಗೆ ತುಂಬಾ ಗೌರವ ಇದೆ.

ಐಕಾನ್ ಬಂತು ಅಂತ ಇಲ್ಲಿಗೇ ಬಿಟ್ಟಿದ್ದರೆ ಇದು ಮತ್ತೆ ಆಗುತ್ತಿತ್ತು. ಡಿಸ್ಕಿನ ಆರೋಗ್ಯ ತೋರಿಸುವ ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಹಾಕಿ ನೋಡಿದಾಗ ಹಳದಿ ಬಣ್ಣದ ಎಚ್ಚರಿಕೆ ಬಂತು. ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕಿನ ಸಣ್ಣ ಸಣ್ಣ ಭಾಗಗಳು), ಓದಲಾಗದೆ ಕಾಯುತ್ತಿರುವ ಸೆಕ್ಟರ್‌ಗಳು, ಎರಡರ ಲೆಕ್ಕವೂ ಸೊನ್ನೆ ದಾಟಿತ್ತು. ‘ಡಿ ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇದೆಯಲ್ಲ, ಅದು ಸಾಕಲ್ವಾ?’ ಅಂದರು ಅಮ್ಮ. ಸಾಲದು. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗ. ಫಾರ್ಮ್ಯಾಟ್‌ನಿಂದ ಡಿ ಉಳಿಯಬಹುದು. ಡಿಸ್ಕೇ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಹಾಗಾಗಿ ಹೊಸ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ ಡಿಸ್ಕ್. ಹಳೆಯದು 320 ಜಿಬಿ, ಕ್ಲೋನ್ ಮಾಡಲು (ಇದ್ದದ್ದನ್ನೆಲ್ಲ ಹಾಗೇ ಹೊಸ ಡಿಸ್ಕಿಗೆ ಇಳಿಸಲು) ಹೊಸದು ಅದಕ್ಕಿಂತ ದೊಡ್ಡದಿದ್ದರೆ ಸಲೀಸು, ಅದಕ್ಕೆ 480 ಜಿಬಿಯದು ತಂದೆವು. ಇಂಥ ಹಳೇ ಯಂತ್ರಕ್ಕೂ ಸಾಟಾ ಎಸ್‌ಎಸ್‌ಡಿ ಹೊಂದುತ್ತದೆ. ಕ್ಲೋನ್ ಮಾಡುವ ‘ಕ್ಲೋನ್‌ಜಿಲ್ಲಾ’ ಸಾಫ್ಟ್‌ವೇರಿನಲ್ಲಿ ಕೆಟ್ಟ ಸೆಕ್ಟರ್ ಸಿಕ್ಕರೆ ನಿಲ್ಲದೆ ಮುಂದೆ ಹೋಗುವ ಆಯ್ಕೆ ಇದೆ, ಅದನ್ನೇ ಬಳಸಿದೆ. ಚೆಕ್ ಡಿಸ್ಕ್ ಮತ್ತು ಸಿಸ್ಟಂ ಫೈಲುಗಳ ಪರೀಕ್ಷೆ ಮಾಡಿದ್ದು ಹೊಸ ಡಿಸ್ಕಿನ ಮೇಲೆ. ಬಿಲ್ಲೆ ಬ್ಯಾಟರಿ ಬದಲಾಯಿಸಿದೆ. ಯುಪಿಎಸ್‌ಗೆ 12 ವೋಲ್ಟಿನ 7 ಆಂಪಿಯರ್ ಅವರ್ ಬ್ಯಾಟರಿ ಹಾಕಿಸಿದೆವು. ಇಡೀ ಕಥೆಯ ಮೂಲ ಅಲ್ಲೇ ಇತ್ತು. ಮಲೆನಾಡಿನ ಮಳೆಗಾಲದಲ್ಲಿ ಬ್ಯಾಟರಿ ಸತ್ತ ಯುಪಿಎಸ್ ಇದ್ದೂ ಇಲ್ಲದ ಹಾಗೆ.

ವಿಂಡೋಸ್ 7ಕ್ಕೆ 2020ರ ಜನವರಿ 14ರಿಂದಲೇ ಮೈಕ್ರೋಸಾಫ್ಟಿನ ಭದ್ರತಾ ಅಪ್‌ಡೇಟ್‌ಗಳು ನಿಂತಿವೆ. ಕ್ರೋಮ್ ಕೂಡ ಅದಕ್ಕೆ 109ನೇ ಆವೃತ್ತಿಯೇ ಕೊನೆ ಮಾಡಿದೆ. ಹೊಸ ಕಂಪ್ಯೂಟರ್ ತರೋಣವಾ ಅಂತ ಮಗ ಫೋನಿನಲ್ಲಿ ಕೇಳಿದ. ಅಮ್ಮನಿಗೆ ಬೇಕಾಗಿರುವುದು ಎಕ್ಸೆಲ್ ಮತ್ತು ನುಡಿ. ಎರಡೂ ಇದರಲ್ಲಿ ಚೆನ್ನಾಗಿ ನಡೆಯುತ್ತವೆ. ಈ ಯಂತ್ರದಲ್ಲಿ ಬ್ಯಾಂಕು, ಇಮೇಲ್ ಏನೂ ಬೇಡ, ಲೆಕ್ಕಕ್ಕೆ ಮಾತ್ರ ಇರಲಿ ಅಂತ ಮಾತಾಯಿತು. ಇಂಟರ್ನೆಟ್ ತಂತಿ ಕಿತ್ತಿಟ್ಟೆವು.

ಈಗ ಮಳೆ ಫೈಲು, ಬಟವಾಡೆ ಫೈಲು ಎರಡೂ ಡಿ ಡ್ರೈವ್‌ನ ‘ಲೆಕ್ಕ’ ಫೋಲ್ಡರಿನಲ್ಲಿವೆ. ಡೆಸ್ಕ್‌ಟಾಪ್ ಮೇಲೆ ಇರುವುದು ಅವುಗಳ ಶಾರ್ಟ್‌ಕಟ್ ಮಾತ್ರ. ಬಟವಾಡೆ ಮುಗಿದ ಸಂಜೆ ಅಮ್ಮ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ, ಅದನ್ನು ಕಂಪ್ಯೂಟರಿನಿಂದ ತೆಗೆದು ಬೀರುವಿನಲ್ಲಿ ಚೆಕ್‌ರೋಲ್ ಪುಸ್ತಕದ ಜೊತೆ ಇಡುತ್ತಾರೆ. ಬಲಗಡೆ ಕೆಳಗೆ ಏನಾದರೂ ಬರಹ ಬಂದರೆ ಎಕ್ಸ್ ಒತ್ತುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದು ನನಗೆ ಕಳಿಸುತ್ತಾರೆ.